ಸ್ವೆಟರ್ ಮುಗೀತು, ಈಗ ಲೆಕ್ಕ ಮಾತಾಡೋಣ

ಭಾಗ 1/8

ಫೋಟೋದಲ್ಲಿರೋ ಸಾಸಿವೆ ಬಣ್ಣದ ಸ್ವೆಟರ್ ನಾನೇ ಹೆಣೆದದ್ದು. ನನ್ನ ಮೊದಲನೇ ಸ್ವೆಟರ್. ಹನ್ನೊಂದು ತಿಂಗಳು ಹಿಡೀತು. ಮನೇಲಿ ಯಾರಿಗೂ ಉಲ್ಲನ್ ಹಾಕೋಕೆ ಬರಲ್ಲ, ಯೂಟ್ಯೂಬ್ ನೋಡ್ಕೊಂಡು ಒಬ್ಬಳೇ ಕಲಿತೆ.

ಚೆನ್ನಾಗಿದೆ ಅಂದ ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ಈ ಸರಣಿ ಹೊಗಳಿಸಿಕೊಳ್ಳೋಕೆ ಅಲ್ಲ, ಜಗಳ ಆಡೋಕೆ. ಸ್ವೆಟರ್ ಮುಗಿದ ಒಂದು ವಾರದಲ್ಲಿ ನನ್ನ ಕಿವಿಗೆ ಬಿದ್ದ ಮಾತು ನಾಲ್ಕು:

ಒಂದು: "ಹನ್ನೊಂದು ತಿಂಗಳಾ? ಆನ್‌ಲೈನಲ್ಲಿ 499ಕ್ಕೆ ಸಿಗುತ್ತಲ್ಲೇ!"
ಎರಡು: "ಒಳ್ಳೆ ಟೈಮ್‌ಪಾಸ್ ಬಿಡು."
ಮೂರು: "ನಂಗೂ ಒಂದು ಹಾಕ್ಕೊಡೇ, ಉಲ್ಲನ್ ದುಡ್ಡು ಕೊಡ್ತೀನಿ."
ನಾಲ್ಕು: "ಒಂದು ಪೇಜ್ ಓಪನ್ ಮಾಡಿ ಬಿಸಿನೆಸ್ ಶುರು ಮಾಡು."

ಹೇಳಿದವರು ಯಾರೂ ಕೆಟ್ಟವರಲ್ಲ. ನಮ್ಮ ಕ್ಲಾಸಿನವರು, ನಮ್ಮ ಬೀದಿಯವರು, ನನ್ನ ಮೇಲೆ ಪ್ರೀತಿ ಇರೋರೇ. ಅದಕ್ಕೇ ಉತ್ತರ ಕೊಡೋಕೆ ಮನಸ್ಸಾಯ್ತು.

ನನ್ನ ವಾದ ಇಷ್ಟೇ. ಈ ನಾಲ್ಕೂ ಮಾತು ಹುಟ್ಟೋದು ಒಂದೇ ತಲೆಕೆಳಗಾದ ಲೆಕ್ಕದಿಂದ. ನಾನು ನನಗೋಸ್ಕರ ಮಾಡ್ಕೊಂಡ ಕೆಲಸಕ್ಕೆ ರೇಟ್ ಹಾಕು ಅಂತೀರ. ನಿಮಗೋಸ್ಕರ ಮಾಡಿಕೊಡಬೇಕಾದ ಕೆಲಸಕ್ಕೆ ಮಾತ್ರ ಕೂಲಿ ಲೆಕ್ಕಕ್ಕೇ ತಗೊಳ್ಳಲ್ಲ. ಬಿಕಾಂ ಓದ್ತಿರೋ ನಾವೇ ಹೀಗೆ ಲೆಕ್ಕ ಹಾಕಿದ್ರೆ ಹೇಗೆ ಗುರೂ?

ಒಂದೊಂದಾಗಿ ಬರ್ತೀನಿ.

ಭಾಗ 2/8

ಜಗಳಕ್ಕೆ ಮುಂಚೆ ಕೆಲಸ ಏನು ಅಂತ ನೋಡಿ.

ಹೆಣಿಗೆಯಲ್ಲಿ ಮುಖ್ಯವಾಗಿ ಇರೋದು ಎರಡು ತರದ ಕುಣಿಕೆ. ಸೀದಾ ಮತ್ತೆ ಉಲ್ಟಾ. ಹಿಂದಿ ವಿಡಿಯೋಗಳಿಂದ ಕಲಿತದ್ದಕ್ಕೆ ನನ್ನ ಬಾಯಲ್ಲೂ ಅವೇ ಹೆಸರು ಉಳ್ಕೊಂಡಿವೆ. ಮುಂದಿನಿಂದ ಸೀದಾ ಕಾಣೋದು ಹಿಂದಿನಿಂದ ನೋಡಿದ್ರೆ ಉಲ್ಟಾ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕ್ತಾ ಹೋದ್ರೆ ನುಣ್ಣನೆ ಬಟ್ಟೆ ಬರುತ್ತೆ. ಒಂದೇ ಸಾಲಲ್ಲಿ ಎರಡು ಸೀದಾ, ಎರಡು ಉಲ್ಟಾ ಅಂತ ಹಾಕಿದ್ರೆ ಎಳೆದಾಗ ಹಿಗ್ಗಿ ಮತ್ತೆ ಕುಗ್ಗೋ ಬಾರ್ಡರ್ ಬರುತ್ತೆ. ಸೊಂಟಕ್ಕೆ, ಮಣಿಕಟ್ಟಿಗೆ ಅದೇ ಬೇಕು.

ಶುರು ಮಾಡೋ ಮುಂಚೆ ಅಂಗೈ ಅಗಲದ ಒಂದು ಸ್ಯಾಂಪಲ್ ತುಂಡು ಹೆಣೆದು ಅಳೀಬೇಕು. ನನ್ನ ಕೈಗೆ, 8 ನಂಬರ್ ಕಡ್ಡಿಗೆ (ಅಂದ್ರೆ 4 ಮಿಲಿಮೀಟರ್ ದಪ್ಪದ್ದು, ಈ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ) 10 ಸೆಂಟಿಮೀಟರಿಗೆ 20 ಕುಣಿಕೆ, 28 ಸಾಲು ಬಂತು. ಮಿಕ್ಕಿದ್ದೆಲ್ಲ ಲೆಕ್ಕ.

ಎದೆ ಸುತ್ತಳತೆ 100 ಸೆಂಟಿಮೀಟರ್, ಅಂದ್ರೆ 200 ಕುಣಿಕೆ. ಮುಂಭಾಗಕ್ಕೆ 100, ಬೆನ್ನಿಗೆ 100. ಉದ್ದ 60 ಸೆಂಟಿಮೀಟರ್, ಅಂದ್ರೆ 168 ಸಾಲು. ಎರಡಕ್ಕೂ ಸೇರಿ 33,600 ಕುಣಿಕೆ. ತೋಳು 126 ಸಾಲು, ಸರಾಸರಿ 60 ಕುಣಿಕೆ; ಎರಡು ತೋಳಿಗೆ 15,120. ಕತ್ತು, ಕಂಕುಳ ಹತ್ತಿರ ಕಮ್ಮಿ ಆಗೋದನ್ನ ಕಳೆದ್ರೆ ಸುಮಾರು 45,000 ಕುಣಿಕೆ. ಅಷ್ಟೂ ಕುಣಿಕೆ ಒಂದೊಂದಾಗಿ ಕೈ ದಾಟಿ ಹೋಗಬೇಕು. ಶಾರ್ಟ್‌ಕಟ್ ಇಲ್ಲ.

ನನ್ನ ಸ್ಪೀಡ್ ನಿಮಿಷಕ್ಕೆ 8. ನಿಧಾನ, ಗೊತ್ತು. ನೆದರ್ಲೆಂಡ್ಸಿನ ಮಿರಿಯಮ್ ಟೆಗೆಲ್ಸ್ 2006ರಲ್ಲಿ ಒಂದು ನಿಮಿಷಕ್ಕೆ 118 ಕುಣಿಕೆ ಹಾಕಿ ಗಿನ್ನೆಸ್ ದಾಖಲೆ ಮಾಡಿದ್ರು. ಅವರೇ ಅದೇ ವೇಗದಲ್ಲಿ ಕೈ ನಿಲ್ಲಿಸದೆ ಹೆಣೆದ್ರೂ ನನ್ನ ಸ್ವೆಟರಿಗೆ ಆರು ಗಂಟೆ ಮೇಲೆ ಬೇಕು. ನನಗೆ 94 ಗಂಟೆ. ಭಾಗಗಳನ್ನ ಜೋಡಿಸಿ ಹೊಲಿಯೋಕೆ, ಕತ್ತಿನ ಪಟ್ಟಿಗೆ, ದಾರದ ತುದಿಗಳನ್ನ ಒಳಗೆ ಮುಚ್ಚೋಕೆ ಇನ್ನೊಂದು ಆರು. ಒಟ್ಟು 100 ಗಂಟೆ.

ಈ ನಂಬರ್ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3/8

ಈಗ ಕಾಸ್ಟ್ ಶೀಟ್. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಒಂದಾದ್ರೂ ಉಪಯೋಗಕ್ಕೆ ಬರ್ಲಿ.

ಡೈರೆಕ್ಟ್ ಮೆಟೀರಿಯಲ್: 100 ಗ್ರಾಂ ಉಂಡೆ 6, ತಲಾ 110 ರೂಪಾಯಿ. ಒಟ್ಟು 660. (ಹೆಸರಿಗೆ ಉಲ್ಲನ್, ನಿಜಕ್ಕೆ ಅಕ್ರಿಲಿಕ್. ಕುರಿ ಉಣ್ಣೆ ನನ್ನ ಬಜೆಟ್ಟಿಗೆ ಬರಲ್ಲ.)

ಕಡ್ಡಿ, ಹೊಲಿಯೋ ಸೂಜಿ: 240. ಇದು ಫಿಕ್ಸೆಡ್ ಅಸೆಟ್. ಹತ್ತು ಸ್ವೆಟರ್ ಬಾಳಿಕೆ ಬರುತ್ತೆ ಅಂತ ಹಿಡಿದ್ರೆ ಈ ಸ್ವೆಟರಿನ ಪಾಲಿನ ಸವಕಳಿ 24.

ಡೈರೆಕ್ಟ್ ಲೇಬರ್: 100 ಗಂಟೆ. ರೇಟ್ ಯಾವುದು ಹಾಕೋಣ? ತೀರಾ ಕೆಳಗಿನದ್ದೇ ಹಾಕೋಣ. 2025-26ಕ್ಕೆ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ. ಅದು ಅಕುಶಲ ಕೆಲಸದ ಕೂಲಿ. ಹೆಣಿಗೆಗೆ ಯಾವ ಕೌಶಲವೂ ಬೇಡ ಅಂತಲೇ ಇಟ್ಕೊಳ್ಳಿ. ದಿನಕ್ಕೆ 8 ಗಂಟೆ ಹಿಡಿದ್ರೆ ಹನ್ನೆರಡೂವರೆ ದಿನ. 4,625 ರೂಪಾಯಿ.

ಒಟ್ಟು: 5,309.

ಇದು ಲಾಭ ಒಂದು ಪೈಸೆ ಇಲ್ಲದ ಲೆಕ್ಕ. ಮೂರನೇ ಮಾತು ಹೇಳಿದವರು ಕೊಡ್ತೀನಿ ಅಂದದ್ದು ಇದರಲ್ಲಿ 660. ಮಿಕ್ಕ 4,649 ಯಾರು ಕೊಡಬೇಕು? ನಾನು, ನನ್ನ ಕೈಯಿಂದ, ಫ್ರೆಂಡ್‌ಶಿಪ್ ಹೆಸರಲ್ಲಿ.

ನನ್ನ ಕಡ್ಡಿ ಪ್ಯಾಕೆಟ್ ಮೇಲೆ 'ಪೋನಿ' ಅಂತ ಇದೆ. ಮಾಡೋದು ನೀಲಗಿರಿಯ ಕೇತ್ತಿಯಲ್ಲಿರೋ ನೀಡಲ್ ಇಂಡಸ್ಟ್ರೀಸ್. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಕಂಪನಿ ಕಾನೂನಿನ ಪುಸ್ತಕ ತೆಗೀರಿ, 'ಅಪ್ರೆಶನ್ ಅಂಡ್ ಮಿಸ್‌ಮ್ಯಾನೇಜ್‌ಮೆಂಟ್' ಅಧ್ಯಾಯ. 1981ರ ಸುಪ್ರೀಂ ಕೋರ್ಟ್ ತೀರ್ಪು, ನೀಡಲ್ ಇಂಡಸ್ಟ್ರೀಸ್ ಕೇಸ್. ನಾನು ಟ್ರೇನಲ್ಲಿ ಹಿಡ್ಕೊಂಡು ಕೂತಿದ್ದು ಅದೇ ಕಂಪನಿ ಕಡ್ಡಿ. ಕಡ್ಡಿ ಮಾಡೋ ಕಂಪನಿಯ ಷೇರು ಯಾರಿಗೆ ಎಷ್ಟು ಅನ್ನೋ ಲೆಕ್ಕ ಸುಪ್ರೀಂ ಕೋರ್ಟ್ ತನಕ ಹೋಯ್ತು. ಆ ಕಡ್ಡಿ ಹಿಡಿಯೋ ಕೈಯ ಲೆಕ್ಕಕ್ಕೆ ನಮ್ಮ ಸಿಲಬಸ್ಸಲ್ಲಿ ಅರ್ಧ ಪುಟವೂ ಇಲ್ಲ.

ಭಾಗ 4/8

"499ಕ್ಕೆ ಸಿಗುತ್ತಲ್ಲ."

ಸಿಗುತ್ತೆ. ನಾನೂ ಅಂಗಡಿ ಸ್ವೆಟರ್ ಹಾಕ್ಕೊಂಡೇ ಬೆಳೆದವಳು. ಯಂತ್ರದ ಮೇಲೆ ನಂಗೇನೂ ಕೋಪ ಇಲ್ಲ.

ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಕಾಲುಚೀಲ ಹೆಣೆಯೋ ಯಂತ್ರ ಕಂಡುಹಿಡಿದ. ಕೈಯಲ್ಲಿ ಹೆಣೆದು ಬದುಕೋ ಬಡವರ ಅನ್ನ ಹೋಗುತ್ತೆ ಅಂತ ರಾಣಿ ಒಂದನೇ ಎಲಿಜಬೆತ್ ಪೇಟೆಂಟ್ ಕೊಡಲಿಲ್ಲ ಅಂತ ಕಥೆ ಹೇಳ್ತಾರೆ. ಆದ್ರೂ ಯಂತ್ರ ಬಂತು. 1995ರಲ್ಲಿ ಜಪಾನಿನ ಶಿಮಾ ಸೇಯ್ಕಿ ಕಂಪನಿ ತೋಳು, ಎದೆ, ಬೆನ್ನು ಎಲ್ಲ ಸೇರಿಸಿ ಜೋಡಣೆ ಹೊಲಿಗೆಯೇ ಇಲ್ಲದೆ ಇಡೀ ಸ್ವೆಟರ್ ಹೆಣೆಯೋ ಯಂತ್ರ ತೋರಿಸ್ತು. ಇವತ್ತು ಯಂತ್ರದ ಸ್ವೆಟರಿಗೂ ಕೈ ಸ್ವೆಟರಿಗೂ ರೇಟಲ್ಲಿ ಪೈಪೋಟಿ ಅನ್ನೋದೇ ತಮಾಷೆ. ನನ್ನ ಉಲ್ಲನ್ ದುಡ್ಡೇ 499ಕ್ಕಿಂತ ಜಾಸ್ತಿ. ನಾನು ಆ ರೇಸಲ್ಲಿ ಓಡ್ತಾನೇ ಇಲ್ಲ. ಹಾಗಿದ್ದ ಮೇಲೆ ಸೋತೆ ಅಂತ ಯಾಕೆ ಹೇಳ್ತೀರ?

ಆದ್ರೆ ಒಂದು ವಿಷಯ ಗಮನಿಸಿ. ನಿಮ್ಮಲ್ಲಿ ಸುಮಾರು ಜನ ಆ್ಯಪಲ್ಲಿ ಕ್ರೋಶಾ ಟಾಪ್, ಕ್ರೋಶಾ ಬ್ಯಾಗ್ ತರಿಸಿದ್ದೀರ. ಕ್ರೋಶಾ ಬೇರೆ, ಹೆಣಿಗೆ ಬೇರೆ. ಹೆಣಿಗೆಗೆ ಎರಡು ಕಡ್ಡಿ, ಕುಣಿಕೆಗಳೆಲ್ಲ ಕಡ್ಡಿ ಮೇಲೆ ಸಾಲಾಗಿ ಕೂತಿರ್ತವೆ. ಕ್ರೋಶಾಕ್ಕೆ ಒಂದೇ ಕೊಕ್ಕೆ ಕಡ್ಡಿ, ಒಂದು ಕುಣಿಕೆ ಮುಗಿಸಿಯೇ ಮುಂದಿನದಕ್ಕೆ ಹೋಗೋದು. ಕೈ ಕ್ರೋಶಾವನ್ನ ಹಾಗೇ ಹಾಕಿಕೊಡೋ ಯಂತ್ರ ಕಾರ್ಖಾನೆಗಳಲ್ಲಿಲ್ಲ. ಕ್ರೋಶಾದ ಹಾಗೆ ಕಾಣೋ ಬಟ್ಟೆಯನ್ನ ಯಂತ್ರ ಹೆಣೆಯುತ್ತೆ, ಅಷ್ಟೇ. ಅಸಲಿ ಕ್ರೋಶಾ ಟಾಪ್ ನಿಮ್ಮ ಮನೆಗೆ 399ಕ್ಕೆ ಬಂದಿದ್ರೆ, ಅದನ್ನ ಎಲ್ಲೋ ಒಬ್ಬರು ಕೂತು ಒಂದೊಂದೇ ಕುಣಿಕೆ ಹಾಕಿದ್ದಾರೆ. ಉಲ್ಲನ್, ಪ್ಯಾಕಿಂಗ್, ಡೆಲಿವರಿ, ಆ್ಯಪಿನ ಕಮಿಷನ್ ಎಲ್ಲ ಕಳೀರಿ. ಅವರ ಕೈಗೆ ಎಷ್ಟು ಉಳೀತು?

ನಿಮ್ಮ ಪಾಲಿನ ಕಾಸ್ಟ್ ಶೀಟ್ ಅದು. ನೀವೇ ಹಾಕಿ.

ಭಾಗ 5/8

"ಒಳ್ಳೆ ಟೈಮ್‌ಪಾಸ್."

ಈ ನಾಲ್ಕರಲ್ಲಿ ನಂಗೆ ಜಾಸ್ತಿ ಉರಿಯೋದು ಇದೇ. ಯಾಕಂದ್ರೆ ಈ ಪದ ಬಹಳ ಜನರ ಕೂಲಿ ನುಂಗಿದೆ.

ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿ ನರಸಾಪುರ ಅಂತ ಊರಿದೆ. ನಮ್ಮ ಕೋಲಾರದ ಫ್ಯಾಕ್ಟರಿ ನರಸಾಪುರ ಅಲ್ಲ, ಅದು ಬೇರೆ. ಅಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳು ಹೆಂಗಸರಿಗೆ ಕ್ರೋಶಾ ಲೇಸ್ ಕಲಿಸಿದ್ರು. ಆ ಲೇಸ್ ವಿದೇಶಕ್ಕೆ ಹೋಗೋಕೆ ಶುರುವಾಯ್ತು, ದೊಡ್ಡ ವ್ಯಾಪಾರ ಆಯ್ತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಹೋಗಿ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದ್ರು. ಅವರು ಕಂಡದ್ದು ಇದು: ಹೆಂಗಸರು ದಿನಕ್ಕೆ ಎಷ್ಟೋ ಗಂಟೆ ಲೇಸ್ ಹಾಕ್ತಾರೆ, ಅದು ರಫ್ತಾಗುತ್ತೆ, ವ್ಯಾಪಾರಿಗಳ ಕೈಗೆ ದುಡ್ಡು ಬರುತ್ತೆ. ಆದ್ರೆ ಹಾಕೋರನ್ನ ಯಾರೂ ಕಾರ್ಮಿಕರು ಅನ್ನಲ್ಲ. ಅವರು 'ಮನೆಯಲ್ಲಿರೋ ಹೆಂಗಸರು', ಬಿಡುವಿನ ವೇಳೆಯಲ್ಲಿ ಏನೋ ಮಾಡ್ಕೊಳ್ತಾರೆ. ಬಿಡುವಿನ ಕೆಲಸಕ್ಕೆ ಪೂರ್ತಿ ಕೂಲಿ ಯಾಕೆ? ಹಾಗಾಗಿ ಕೊಟ್ಟದ್ದು ಕನಿಷ್ಠ ಕೂಲಿಗಿಂತ ಎಷ್ಟೋ ಕಮ್ಮಿ.

ನೋಡಿದ್ರಾ, ಆ ಪದ ಏನು ಮಾಡ್ತು ಅಂತ? ಕೆಲಸ ಅದೇ, ಗಂಟೆ ಅಷ್ಟೇ. 'ಬಿಡುವು' ಅಂತ ಹೆಸರಿಟ್ಟ ತಕ್ಷಣ ಕೂಲಿ ಇಳೀತು.

ದೂರ ಹೋಗೋದೇ ಬೇಡ. ಮನೇಲಿ ಕೂತು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟೋರು, ಊದಿನಕಡ್ಡಿ ಹೊಸೆಯೋರು ನಮ್ಮ ರಾಜ್ಯದಲ್ಲೇ ಎಷ್ಟು ಜನ ಇದ್ದಾರೆ. ಜನಗಣತಿಯವರು ಬಂದು "ನಿಮ್ಮ ಹೆಂಡತಿ ಏನು ಕೆಲಸ ಮಾಡ್ತಾರೆ?" ಅಂದ್ರೆ, ಪಕ್ಕದಲ್ಲಿ ಬೀಡಿ ಮೊರ ಇದ್ರೂ "ಏನಿಲ್ಲ ಸರ್, ಮನೇಲೇ ಇರ್ತಾಳೆ" ಅನ್ನೋ ಗಂಡಸರು ಎಷ್ಟು ಜನ ಸಿಗಬಹುದು, ಯೋಚನೆ ಮಾಡಿ.

ನನ್ನ ಸ್ವೆಟರಿಗೆ ನೀವು ಟೈಮ್‌ಪಾಸ್ ಅಂದ್ರೆ ನಂಗೇನೂ ಆಗಲ್ಲ. ನಾನು ಅದರಿಂದ ಹೊಟ್ಟೆ ಹೊರೆಯಲ್ಲ. ಆದ್ರೆ ಅದೇ ಬಾಯಿ ಅದೇ ಪದವನ್ನ ಹೊಟ್ಟೆ ಹೊರೆಯೋರಿಗೂ ಹೇಳುತ್ತೆ.

ಭಾಗ 6/8

ಪಟ್ಟಿಯಲ್ಲಿ ಇಲ್ಲದ ಐದನೇದೊಂದಿದೆ. ಅದು ಪ್ರಶ್ನೆ. "ಯಾರಿಗೆ ಹಾಕಿದ್ದು?"

"ನಂಗೆ" ಅಂದ್ರೆ ಒಂದು ಕ್ಷಣ ಮೌನ. ಆಮೇಲೆ, "ಓ, ಅಪ್ಪನಿಗೆ ಅಂದ್ಕೊಂಡೆ." "ತಮ್ಮನಿಗೆ ಹಾಕಿಲ್ವಾ?" ಒಬ್ಬರು ಆಂಟಿ ಅಂತೂ, "ಕಲಿತದ್ದು ಒಳ್ಳೇದಾಯ್ತು, ನಾಳೆ ಮಗು ಆದ್ರೆ ಟೋಪಿ, ಸಾಕ್ಸ್ ಹಾಕಬಹುದು" ಅಂದ್ರು. ಮೂರನೇ ಸೆಮ್ ಇಂಟರ್ನಲ್ಸ್ ಇನ್ನೂ ಮುಗಿದಿಲ್ಲ ಆಂಟಿ.

1962ರ ಚೀನಾ ಯುದ್ಧದ ಸಮಯದಲ್ಲಿ ದೇಶದ ತುಂಬ ಹೆಂಗಸರು ಗಡಿಯ ಜವಾನರಿಗೆ ಸ್ವೆಟರ್, ಮಫ್ಲರ್ ಹೆಣೆದು ಕಳಿಸಿದ್ರು. ಹಿಮಾಲಯದ ಚಳಿಯಲ್ಲಿ ಸರಿಯಾದ ಬಟ್ಟೆ ಇಲ್ಲದೆ ನಿಂತ ಸೈನಿಕರಿಗೆ ಅದು ನಿಜವಾದ ಸಹಾಯ. ಅದನ್ನ ದೇಶಸೇವೆ ಅಂತ ಕರೆದದ್ದು ಸರಿಯಾಗೇ ಇದೆ. ನಾನು ಕೇಳೋದು ಇಷ್ಟು: ಜವಾನನಿಗೆ ಹೆಣೆದ್ರೆ ಸೇವೆ, ಮಗುವಿಗೆ ಹೆಣೆದ್ರೆ ಮಮತೆ, ಗಂಡನಿಗೆ ಹೆಣೆದ್ರೆ ಪ್ರೀತಿ. ಅದೇ ಕೈ, ಅದೇ ಕಡ್ಡಿ, ಅದೇ 45,000 ಕುಣಿಕೆ. ತನಗೆ ಹೆಣ್ಕೊಂಡ್ರೆ ಮಾತ್ರ ಯಾಕೆ ವೇಸ್ಟ್?

ಹುಡುಗರು ಸಂಬಳದಿಂದ ಮೊದಲು ತಮಗೇ ಬೈಕ್ ತಗೊಂಡ್ರೆ "ಪಾಪ, ಕಷ್ಟಪಟ್ಟು ತಗೊಂಡ" ಅಂತೀವಿ. ಹುಡುಗಿ ತನ್ನ ಬಿಡುವಿನಿಂದ ತನಗೇ ಸ್ವೆಟರ್ ಮಾಡ್ಕೊಂಡ್ರೆ ಅದಕ್ಕೊಂದು ಕಾರಣ ಕೊಡಬೇಕು. ನಾನು ಕೊಡಲ್ಲ. ಡಿಸೆಂಬರ್ ಬೆಳಿಗ್ಗೆ ಕೆಜಿಎಫ್‌ನಲ್ಲಿ ಚಳಿ ಆಗುತ್ತೆ. ನನಗೂ ಆಗುತ್ತೆ. ಅಷ್ಟೇ ಕಾರಣ.

ಭಾಗ 7/8

"ಬಿಸಿನೆಸ್ ಮಾಡು."

ಮಾಡೋರು ಮಾಡ್ಲಿ, ತುಂಬಾ ಸಂತೋಷ. ಆದ್ರೆ ನಮಗೆ ಬಂದ ಪ್ರತಿಯೊಂದು ಕೆಲಸಕ್ಕೂ ರೇಟ್ ಕಾರ್ಡ್ ಅಂಟಿಸಿದ್ರೆ ಮಾತ್ರ ಅದು ಉಪಯೋಗದ್ದು ಅನ್ನೋ ಮಾತನ್ನ ನಮ್ಮೂರಲ್ಲಿ ನಿಂತು ಹೇಗೆ ಹೇಳ್ತೀರ?

ನಾವು ಹುಟ್ಟೋ ಮುಂಚೆ, 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಶುರು ಮಾಡಿದ ಗಣಿಗಾರಿಕೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು. ಅದಿರಿನಲ್ಲಿ ಚಿನ್ನ ಕಮ್ಮಿ ಆಗ್ತಾ ಬಂತು, ಒಂದು ಗ್ರಾಂ ತೆಗೆಯೋ ಖರ್ಚು ಆ ಗ್ರಾಂ ಮಾರೋ ಬೆಲೆ ದಾಟಿತು. ಕಾಸ್ಟ್ ಶೀಟ್ ಪ್ರಕಾರ ಉತ್ತರ ಸ್ಪಷ್ಟ: ಮುಚ್ಚು. ಆ ಲೆಕ್ಕ ಸುಳ್ಳು ಅಂತ ನಾನು ಹೇಳ್ತಿಲ್ಲ.

ಆದ್ರೆ ಆ ಲೆಕ್ಕ ಉತ್ತರಿಸಿದ್ದು ಒಂದೇ ಪ್ರಶ್ನೆಗೆ. ಈ ಚಿನ್ನ ತೆಗೆದು ಮಾರಿದ್ರೆ ಲಾಭ ಬರುತ್ತಾ? ಭೂಮಿಯೊಳಗೆ ಬಂಡೆ ಸದ್ದು ಕೇಳಿ ಅಪಾಯ ಗುರುತಿಸ್ತಿದ್ದವರ ತಿಳಿವಳಿಕೆಗೆ ಬೆಲೆ ಎಷ್ಟು ಅಂತ ಅದು ಕೇಳಲಿಲ್ಲ. ಆ ಕಾಲಂ ಶೀಟಲ್ಲಿ ಇರಲೇ ಇಲ್ಲ. ಮಾರನೇ ದಿನದಿಂದ ಆ ತಿಳಿವಳಿಕೆ ಯಾರಿಗೂ ಬೇಡ ಆಯ್ತು. ಆ ಮನೆಗಳ ಮಕ್ಕಳು, ಮೊಮ್ಮಕ್ಕಳು ಇವತ್ತು ಬೆಳಗಿನ ಜಾವ ಮಾರಿಕುಪ್ಪಂ ಟ್ರೇನ್ ಹತ್ತಿ ಬೆಂಗಳೂರಿಗೆ ಹೋಗ್ತಿದ್ದಾರೆ.

ಇನ್ನೊಂದು ತಮಾಷೆ. ಗಣಿಯಿಂದ ಚಿನ್ನ ತೆಗೆದು ಬಿಸಾಕಿದ ಪುಡಿಯ ಗುಡ್ಡಗಳಿವೆಯಲ್ಲ, ನಾವು ಸೈನೈಡ್ ಗುಡ್ಡ ಅನ್ನೋದು? ಕಸ ಅಂತ ಬಿಟ್ಟದ್ದು. 2024ರಲ್ಲಿ ಅಂಥ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯೋ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಡ್ತು. ಗುಡ್ಡ ಅದೇ. ಮಾರ್ಕೆಟ್ ರೇಟ್ ಬದಲಾಯ್ತು, ಕಸ ಆಸ್ತಿ ಆಯ್ತು.

ಹಾಗಾಗಿ ಮಾರ್ಕೆಟ್ ರೇಟಿಗೆ ಅದರ ಜಾಗ ಕೊಡಿ, ಸಾಕು. ಮಾರೋಕೆ ಇಟ್ಟ ವಸ್ತುವಿಗೆ ಅದು ಸರಿಯಾದ ತಕ್ಕಡಿ. ನನ್ನ ಸ್ವೆಟರ್ ಮಾರಾಟಕ್ಕಿಲ್ಲ, ಅದಕ್ಕೆ ಆ ತಕ್ಕಡಿ ಔಟ್ ಆಫ್ ಸಿಲಬಸ್.

ಹನ್ನೊಂದು ತಿಂಗಳಲ್ಲಿ ನಂಗೆ ಸಿಕ್ಕಿದ್ದು ಬಟ್ಟೆ ಒಂದೇ ಅಲ್ಲ. ಈಗ ಯಾವ ಸ್ವೆಟರ್ ನೋಡಿದ್ರೂ ಅದು ಎಲ್ಲಿ ಶುರುವಾಗಿದೆ, ಎಲ್ಲಿ ಕುಣಿಕೆ ಕಮ್ಮಿ ಮಾಡಿದ್ದಾರೆ, ಜೋಡಣೆ ಎಲ್ಲಿದೆ ಅಂತ ಕಾಣುತ್ತೆ. ಇದನ್ನ ಯಾವ ಆ್ಯಪಲ್ಲಿ ಆರ್ಡರ್ ಮಾಡ್ಲಿ?

ಭಾಗ 8/8

ಈಗ ನನ್ನ ವಿರುದ್ಧ ಬರೋ ಎರಡು ವಾದ. ಎರಡಕ್ಕೂ ತೂಕ ಇದೆ.

ಒಂದು, ಕ್ಲಾಸಿನವರದ್ದು: "ಆಪರ್ಚುನಿಟಿ ಕಾಸ್ಟ್ ಮರೆತೆ. ಆ 100 ಗಂಟೆಯಲ್ಲಿ ಟ್ಯಾಲಿ ಕಲೀಬಹುದಿತ್ತು." ಆಪರ್ಚುನಿಟಿ ಕಾಸ್ಟ್ ಅಂದ್ರೆ ಆ ಹೊತ್ತಲ್ಲಿ ನಿಜವಾಗಿ ಮಾಡೋಕೆ ಸಾಧ್ಯ ಇದ್ದ ಕೆಲಸಗಳಲ್ಲಿ ಉತ್ತಮವಾದದ್ದರ ಬೆಲೆ. 100 ಗಂಟೆಯನ್ನ ಹನ್ನೊಂದು ತಿಂಗಳಿಗೆ ಹಂಚಿ ನೋಡಿ. ದಿನಕ್ಕೆ 18 ನಿಮಿಷ. ಊರ್ಗಾಂನಲ್ಲಿ ಹತ್ತಿ, ಕೋರಮಂಡಲ್, ಬೆಮಲ್ ನಗರ ದಾಟಿ ಬಂಗಾರಪೇಟೆಯಲ್ಲಿ ಇಳಿಯೋದರೊಳಗೆ ಸಿಗೋ 18 ನಿಮಿಷ. ಆ ನೂಕುನುಗ್ಗಲಲ್ಲಿ ಟ್ಯಾಲಿ ಕಲಿಸೋರು ಯಾರಾದ್ರೂ ಇದ್ರೆ ಹೇಳಿ, ಬರ್ತೀನಿ. ನಿಮಗೆ ಅದೇ ಟ್ರೇನಲ್ಲಿ ಅದೇ 18 ನಿಮಿಷ ಸಿಗುತ್ತೆ. ಏನು ಮಾಡ್ತೀರ ಅಂತ ನಾನು ಕೇಳಲ್ಲ. ನಾನೂ ರೀಲ್ಸ್ ನೋಡ್ತೀನಿ. ನನ್ನದರ ಲೆಕ್ಕ ಮಾತ್ರ ಯಾಕೆ ಕೇಳ್ತೀರ ಅನ್ನೋದೇ ಪ್ರಶ್ನೆ.

ಎರಡನೇದು ಗಟ್ಟಿ ವಾದ: "ನಿಂಗೆ ಬಿಡುವಿದೆ, ಮಾಡ್ತೀಯ. ಇಲ್ಲದವರು?" ನಿಜ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಡುಗೆ ಮಾಡಿಟ್ಟು, ಟ್ರೇನ್ ಹಿಡಿದು, ಬೆಂಗಳೂರಲ್ಲಿ ದುಡಿದು, ರಾತ್ರಿ ವಾಪಸ್ ಬರೋ ಅಕ್ಕಂದಿರಿಗೆ ನಿಂತ್ಕೊಂಡು ನಿದ್ದೆ ಮಾಡೋಕೂ ಜಾಗ ಸಿಗಲ್ಲ. ಆದ್ರೆ ಇದರ ಅರ್ಥ ನಾನು ಹೆಣೆಯಬಾರದು ಅಂತಾನಾ, ಅವರಿಗೂ 18 ನಿಮಿಷ ಸಿಗಬೇಕು ಅಂತಾನಾ? ನನ್ನ ಓಟು ಎರಡನೇದಕ್ಕೆ. ಬಿಡುವು ಅನ್ನೋದು ಸೋಮಾರಿಗಳ ಸೊತ್ತು ಅಂತ ಮಾತಾಡ್ತಾ ಹೋದ್ರೆ ಅದನ್ನ ಅವರು ಕೇಳಿ ಪಡೆಯೋದು ಇನ್ನೂ ಕಷ್ಟ ಆಗುತ್ತೆ.

ಸರಿ, ಜಗಳ ಮುಗೀತು. ಇನ್ನು ಮುಂದೆ ನನ್ನ ಹತ್ರ ಮಾತಾಡೋರಿಗೆ ನಿಯಮ:

ಯಾರಾದ್ರೂ ಪ್ರೀತಿಯಿಂದ ಹೆಣೆದು ಕೊಟ್ರೆ ಹಾಕ್ಕೊಳ್ಳಿ, ರೇಟ್ ಕೇಳಬೇಡಿ.
ಕೈಯಲ್ಲಿ ಮಾಡಿ ಮಾರೋರ ಹತ್ರ ತಗೊಂಡ್ರೆ ಚೌಕಾಸಿ ಮಾಡೋ ಮುಂಚೆ ಗಂಟೆ ಎಣಿಸಿ.
ಮನೇಲಿ ಕೂತು ಏನಾದ್ರೂ ಮಾಡ್ತಿರೋ ನಿಮ್ಮ ಅಮ್ಮ, ಅತ್ತೆ, ದೊಡ್ಡಮ್ಮನ ಕೆಲಸಕ್ಕೆ 'ಟೈಮ್‌ಪಾಸ್' ಅನ್ನಬೇಡಿ. ಕೆಲಸ ಅನ್ನಿ.

ನನ್ನ ಹತ್ರ ಸ್ವೆಟರ್ ಬೇಕು ಅಂದವರಿಗೆ ರೇಟ್ 5,309. ಅಡ್ವಾನ್ಸ್ ಪೂರ್ತಿ, ಡೆಲಿವರಿ ಹನ್ನೊಂದು ತಿಂಗಳು, ಚೌಕಾಸಿ ಇಲ್ಲ.

ಹೆಣೆಯೋಕೆ ಕಲೀಬೇಕು ಅಂದವರಿಗೆ ಫ್ರೀ. ನಂಗೆ ಕಲಿಸಿದ ವಿಡಿಯೋ ಆಂಟಿಯರು ಯಾರೂ ಫೀಸ್ ಕೇಳಿಲ್ಲ. 8 ನಂಬರ್ ಕಡ್ಡಿ ಒಂದು ಜೊತೆ, ಒಂದು ಉಂಡೆ ತಿಳಿ ಬಣ್ಣದ ಉಲ್ಲನ್ ತನ್ನಿ. ಕಪ್ಪು ಬೇಡ, ಕುಣಿಕೆ ಕಾಣಲ್ಲ. ಹುಡುಗರೂ ಬನ್ನಿ. ಬೆಳಗಿನ ಟ್ರೇನಲ್ಲೇ ಇರ್ತೀನಿ, ಸಾಸಿವೆ ಬಣ್ಣದ ಸ್ವೆಟರ್ ನೋಡಿ ಗುರುತು ಹಿಡೀರಿ.

#ಉಲ್ಲನ್ #ಕೈಹೆಣಿಗೆ #ಕೆಜಿಎಫ್ #ಬಂಗಾರಪೇಟೆ #ಮಾರಿಕುಪ್ಪಂಟ್ರೇನ್ #ಬಿಕಾಂಲೆಕ್ಕ #ಟೈಮ್‌ಪಾಸ್ಅಲ್ಲ